ಗಗನಚುಕ್ಕಿಯ ನೀರು ಮತ್ತು ನಮ್ಮ ಬಯಲುಸೀಮೆ

ಬಯಲುಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ಜಲಪಾತವೆಂದರೆ ಮೊದಲು ಪಠ್ಯಪುಸ್ತಕದ ಚಿತ್ರ, ಆಮೇಲೆ ಕ್ಯಾಲೆಂಡರಿನ ಚಿತ್ರ. ಕಣ್ಣಾರೆ ಕಾಣುವ ಯೋಗ ಬರುವುದು ಬಹಳ ತಡವಾಗಿ. ಹಾಗೆಂದು ನಮ್ಮ ಸೀಮೆಯಲ್ಲಿ ನದಿಗಳೇ ಇಲ್ಲವೆಂದಲ್ಲ. ನಂದಿಬೆಟ್ಟದ ಸಾಲನ್ನು ನದಿಗಳ ತವರು ಎಂದೇ ಕರೆಯುವುದುಂಟು. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಪಾಲಾರ್, ಅರ್ಕಾವತಿ, ಚಿತ್ರಾವತಿ, ಪಾಪಾಗ್ನಿ - ಇವೆಲ್ಲ ಈ ಬೆಟ್ಟಗಳ ಮಡಿಲಲ್ಲಿ ಅಥವಾ ಆಸುಪಾಸಿನಲ್ಲಿ ಹುಟ್ಟುವ ನದಿಗಳು. ಹುಟ್ಟುವುದು ಮಾತ್ರ ಇಲ್ಲಿ; ಬೆಳೆದು ಮೈದುಂಬಿಕೊಳ್ಳುವುದು ಬೇರೆ ನಾಡಿನಲ್ಲಿ. ನಮ್ಮ ಗೌರಿಬಿದನೂರಿನ ಮೇಲೆ ಹಾದುಹೋಗುವ ಉತ್ತರ ಪಿನಾಕಿನಿ ಆಂಧ್ರವನ್ನು ಹೊಕ್ಕು ನೆಲ್ಲೂರಿನ ಬಳಿ ಕಡಲು ಸೇರುತ್ತದೆ. ನಮಗೆ ಅದು ವರ್ಷದ ಬಹುಕಾಲ ಮರಳಿನ ಹಾದಿ. ವಿದುರಾಶ್ವತ್ಥದ ಜಾತ್ರೆಗೆ ಹೋದವರು ಆ ಹೊಳೆಯನ್ನು ಚಪ್ಪಲಿ ನೆನೆಯದಂತೆ ದಾಟಿದ ದಿನಗಳೇ ಹೆಚ್ಚು.

ಇಂತಹ ಸೀಮೆಯ ಜನ ರಜೆ ಬಂತೆಂದರೆ ನೀರು ಬೀಳುವ ಕಡೆಗೆ ಹೊರಡುವುದರಲ್ಲಿ ಆಶ್ಚರ್ಯವೇನಿದೆ? ಮೊನ್ನೆಯ ದಸರಾ ರಜೆಯಲ್ಲಿ ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು ಮತ್ತು ನನ್ನ ಶ್ರೀಮತಿಯೊಡನೆ ನಾನು ಶಿವನಸಮುದ್ರಕ್ಕೆ ಹೋಗಿದ್ದೆ. ಅಲೀಪುರದಿಂದ ಅದು ಇನ್ನೂರು ಕಿಲೋಮೀಟರಿಗೂ ಮಿಗಿಲಾದ ದಾರಿ. ನಸುಕಿನಲ್ಲಿ ಹೊರಟು, ಬೆಂಗಳೂರಿನ ವಾಹನದಟ್ಟಣೆಯನ್ನು ದಾಟಿ, ಕನಕಪುರ, ಹಲಗೂರು, ಮಳವಳ್ಳಿಯ ಮಾರ್ಗವಾಗಿ ತಲುಪುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಮನೆಯಿಂದ ಕಟ್ಟಿಕೊಂಡು ಹೋಗಿದ್ದ ಚಿತ್ರಾನ್ನವನ್ನು ಮರದ ನೆರಳಿನಲ್ಲಿ ಉಂಡು, ವೀಕ್ಷಣಾ ಸ್ಥಳಕ್ಕೆ ಬಂದು ನಿಂತೆವು. ಆ ವರ್ಷ ಮಳೆ ಚೆನ್ನಾಗಿತ್ತು. ಮೇಲಿನ ಜಲಾಶಯಗಳು ತುಂಬಿ ಹೊಳೆಗೆ ನೀರು ಬಿಟ್ಟಿದ್ದರು. ಎದುರಿನ ಬಂಡೆಗಳ ಮೇಲಿಂದ ಕಾವೇರಿ ಹತ್ತಾರು ಕವಲುಗಳಾಗಿ ಧುಮುಕುತ್ತಿದ್ದಳು. ಆ ಭೋರ್ಗರೆತವನ್ನು ವರ್ಣಿಸಲು ನಾನು ಕವಿಯಲ್ಲ. ಮೂರು ದಶಕಗಳಿಗೂ ಹೆಚ್ಚು ಕಾಲ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಬೋಧಿಸಿದ ಮೇಷ್ಟರು. ಆದ್ದರಿಂದ ವರ್ಣನೆಯನ್ನು ಅಲ್ಲಿಗೇ ಬಿಟ್ಟು ಚರಿತ್ರೆಗೆ ಬರುತ್ತೇನೆ. ಅದಕ್ಕೆ ಕಾರಣಳಾದವಳು ಏಳನೆಯ ತರಗತಿಯಲ್ಲಿರುವ ನನ್ನ ಮೊಮ್ಮಗಳು. ಬಹಳ ಹೊತ್ತು ಸುಮ್ಮನೆ ನೋಡುತ್ತಿದ್ದು, "ತಾತ, ಈ ನೀರೆಲ್ಲಾ ಎಲ್ಲಿಗೆ ಹೋಗುತ್ತೆ? ನಮ್ಮೂರಿಗೆ ಒಂದು ಚೂರೂ ಬರಲ್ವಾ?" ಎಂದು ಕೇಳಿದಳು. ಮಕ್ಕಳ ಪ್ರಶ್ನೆಗೆ ಒಂದು ಮಾತಿನ ಉತ್ತರ ಸಾಕು. ಆದರೆ ಈ ಪ್ರಶ್ನೆಗೆ ನೂರಿಪ್ಪತ್ತು ವರ್ಷಗಳ ಚರಿತ್ರೆಯೇ ಉತ್ತರವಾಗಿದೆ. ಅದನ್ನು ಓದುಗ ಮಿತ್ರರೊಡನೆ ಹಂಚಿಕೊಳ್ಳುವುದೇ ಈ ಬರಹದ ಉದ್ದೇಶ.

ಮೊದಲು ಸ್ಥಳದ ಪರಿಚಯ. ಕೊಡಗಿನ ತಲಕಾವೇರಿಯಲ್ಲಿ ಹುಟ್ಟಿದ ಕಾವೇರಿಯು ಹಾರಂಗಿ, ಹೇಮಾವತಿಗಳನ್ನು ಕೂಡಿಕೊಂಡು ಕನ್ನಂಬಾಡಿಯನ್ನು ದಾಟಿ, ತಿರುಮಕೂಡಲು ನರಸೀಪುರದಲ್ಲಿ ಕಪಿಲೆಯನ್ನು ಸೇರಿಸಿಕೊಂಡು ಶಿವನಸಮುದ್ರಕ್ಕೆ ಬರುತ್ತಾಳೆ. ಇಲ್ಲಿ ನದಿ ಎರಡಾಗಿ ಸೀಳಿ ನಡುವೆ ಒಂದು ದ್ವೀಪವನ್ನು ನಿರ್ಮಿಸಿದೆ. ಪಶ್ಚಿಮದ ಕವಲು ಗಗನಚುಕ್ಕಿ, ಪೂರ್ವದ ಕವಲು ಭರಚುಕ್ಕಿ. ನದಿ ಇಲ್ಲಿ ಇಳಿಯುವ ಆಳ ಸುಮಾರು 300 ಅಡಿ. ಇಂದು ಒಂದು ದಡ ಮಂಡ್ಯ ಜಿಲ್ಲೆಗೂ ಇನ್ನೊಂದು ದಡ ಚಾಮರಾಜನಗರ ಜಿಲ್ಲೆಗೂ ಸೇರಿದೆ. ಒಂದನ್ನು ನೋಡಿ ಇನ್ನೊಂದನ್ನು ನೋಡಬೇಕಾದರೆ ರಸ್ತೆಯಲ್ಲಿ ಸುತ್ತಿ ಬಳಸಿ ಹೋಗಬೇಕು.

ದ್ವೀಪವೂ ಚರಿತ್ರೆಯಿಂದ ಹೊರತಾದುದಲ್ಲ. ಶ್ರೀರಂಗಪಟ್ಟಣದ ಆದಿರಂಗ, ತಮಿಳುನಾಡಿನ ಶ್ರೀರಂಗದ ಅಂತ್ಯರಂಗ - ಇವರಿಬ್ಬರ ನಡುವೆ ಇಲ್ಲಿರುವವನು ಮಧ್ಯರಂಗ. ಗಗನಚುಕ್ಕಿಯ ಬಳಿ ಮರ್ದಾನೆ ಗೈಬ್ ದರ್ಗಾ ಇದ್ದು, ಎಲ್ಲ ಮತದವರೂ ಹರಕೆ ಹೊತ್ತು ಬರುತ್ತಾರೆ. ಹದಿನಾರನೆಯ ಶತಮಾನದ ಆರಂಭದಲ್ಲಿ ಉಮ್ಮತ್ತೂರಿನ ಗಂಗರಾಜ ಇಲ್ಲಿಯ ಕೋಟೆಯಲ್ಲಿ ವಿಜಯನಗರದ ಕೃಷ್ಣದೇವರಾಯನ ಸೇನೆಯನ್ನು ಎದುರಿಸಿ ಸೋತುಹೋದ. 1830ರ ದಶಕದ ಹೊತ್ತಿಗೆ ರಾಮಸ್ವಾಮಿ ಮೊದಲಿಯಾರ್ ಎಂಬವರು ಪಾಳುಬಿದ್ದಿದ್ದ ಈ ದ್ವೀಪವನ್ನು ಜಹಗೀರಾಗಿ ಪಡೆದು, ಎರಡೂ ಕವಲುಗಳಿಗೆ ಕಲ್ಲಿನ ಕಂಬಗಳ ಸೇತುವೆ ಕಟ್ಟಿಸಿ, ದೇವಾಲಯಗಳನ್ನು ಜೀರ್ಣೋದ್ಧಾರ ಮಾಡಿಸಿದರು. ಅಲ್ಲಿಯವರೆಗೆ ಈ ಜಲಪಾತದ ಚರಿತ್ರೆ ಭಕ್ತಿ ಮತ್ತು ಯುದ್ಧಗಳ ಚರಿತ್ರೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅದಕ್ಕೆ ಬೇರೊಂದು ಅಧ್ಯಾಯ ಸೇರಿತು. ಆ ಅಧ್ಯಾಯ ನಮ್ಮ ಕೋಲಾರ ಜಿಲ್ಲೆಗೆ ಸಂಬಂಧಿಸಿದ್ದು.

2007ರಲ್ಲಿ ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾಗುವವರೆಗೆ ನಾವೆಲ್ಲ ಕೋಲಾರ ಜಿಲ್ಲೆಯವರೇ. ಆ ಜಿಲ್ಲೆಯ ಪೂರ್ವದ ಅಂಚಿನಲ್ಲಿ 1880ರ ದಶಕದಿಂದ ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಇಂಗ್ಲಿಷ್ ಸಂಸ್ಥೆಯ ಉಸ್ತುವಾರಿಯಲ್ಲಿ ಚಿನ್ನದ ಗಣಿಗಾರಿಕೆ ಭರದಿಂದ ಸಾಗಿತ್ತು. ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಎಂಬುವು ಅಲ್ಲಿಯ ಪ್ರಮುಖ ಗಣಿಗಳು. ನಮ್ಮ ಬೆಟ್ಟದ ಹೆಸರನ್ನು ಹೊತ್ತ ಗಣಿಯೂ ಅಲ್ಲಿತ್ತು ಎಂಬುದನ್ನು ಗಮನಿಸಿ. ಗಣಿ ಆಳಕ್ಕಿಳಿದಂತೆಲ್ಲ ಅದಿರನ್ನು ಮೇಲೆತ್ತಲು, ಕುಟ್ಟಿ ಪುಡಿಮಾಡಲು, ಒಸರುವ ನೀರನ್ನು ಹೊರಹಾಕಲು, ಒಳಗೆ ದುಡಿಯುವವರಿಗೆ ಗಾಳಿಯೂದಲು ಹೆಚ್ಚು ಹೆಚ್ಚು ಶಕ್ತಿ ಬೇಕಾಯಿತು. ಅದುವರೆಗೆ ಉಗಿಯಂತ್ರಗಳೇ ಗತಿ. ಅವುಗಳ ಹೊಟ್ಟೆಗೆ ದೂರದಿಂದ ತಂದ ಕಲ್ಲಿದ್ದಲೂ ಸುತ್ತಲ ಕಾಡಿನ ಸೌದೆಯೂ ಹೋಗುತ್ತಿದ್ದವು. ಇದು ದುಬಾರಿಯ ವ್ಯವಹಾರವಾಗಿತ್ತು. ಚಿನ್ನದಿಂದ ರಾಜಧನ ಪಡೆಯುತ್ತಿದ್ದ ಮೈಸೂರು ಸಂಸ್ಥಾನಕ್ಕೂ ಗಣಿಗಳು ನಡೆಯುವುದು ಬೇಕಾಗಿತ್ತು.

ಈ ಸಂದರ್ಭದಲ್ಲಿ ಸಂಸ್ಥಾನದ ಉಪ ಮುಖ್ಯ ಎಂಜಿನಿಯರಾಗಿದ್ದ ಜೋಲಿ ಡಿ ಲಾಟ್‌ಬಿನಿಯರ್ ಎಂಬ ಕೆನಡಾ ಮೂಲದ ಸೈನ್ಯಾಧಿಕಾರಿ ಶಿವನಸಮುದ್ರದ ನೀರಿನಿಂದ ವಿದ್ಯುತ್ ತಯಾರಿಸಿ, ತಂತಿಯ ಮೂಲಕ ಕೋಲಾರದ ಗಣಿಗಳಿಗೆ ಒಯ್ಯುವ ಯೋಜನೆಯನ್ನು ಮುಂದಿಟ್ಟರು. ಆ ಕಾಲಕ್ಕೆ ಇದು ಹುಚ್ಚು ಸಾಹಸದಂತೆ ಕಂಡಿದ್ದರೆ ಅಚ್ಚರಿಯಿಲ್ಲ. ಅಮೆರಿಕದ ನಯಾಗರ ಜಲಪಾತದ ವಿದ್ಯುತ್ತು 1896ರಲ್ಲಷ್ಟೇ ಬಫೆಲೋ ನಗರವನ್ನು ತಲುಪಿತ್ತು. ಆ ದೂರ ಮೂವತ್ತು ಮೈಲಿಗಿಂತ ಕಡಿಮೆ. ಶಿವನಸಮುದ್ರದಿಂದ ಗಣಿಗಳಿಗೆ 92 ಮೈಲಿ, ಎಂದರೆ ಸುಮಾರು 147 ಕಿಲೋಮೀಟರು. ಆದರೆ 1883ರಿಂದ ದಿವಾನರಾಗಿದ್ದ ಸರ್ ಕೆ. ಶೇಷಾದ್ರಿ ಅಯ್ಯರ್ ಈ ಯೋಜನೆಯನ್ನು ಕೈಹಿಡಿದು ನಡೆಸಿದರು. ಲಾಟ್‌ಬಿನಿಯರ್ ಯೂರೋಪು, ಅಮೆರಿಕಗಳನ್ನು ಸುತ್ತಿ ತಜ್ಞರನ್ನು ಕಂಡು ಬಂದರು. ಗಣಿ ಕಂಪನಿಗಳೊಡನೆ ವಿದ್ಯುತ್ ಕೊಳ್ಳುವ ಕರಾರಾಯಿತು. ವಿದ್ಯುತ್ ಯಂತ್ರಗಳಿಗೆ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿ, ನೀರಿನ ಚಕ್ರಗಳಿಗೆ ಸ್ವಿಟ್ಜರ್ಲೆಂಡಿನ ಎಷರ್ ವಿಸ್ ಕಂಪನಿ ಗೊತ್ತಾದವು. ನದಿಯ ಬಲದಂಡೆಯ ಕೊಳ್ಳೇಗಾಲ ಸೀಮೆ ಆಗ ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದರಿಂದ ಬ್ರಿಟಿಷ್ ಸರ್ಕಾರದ ಒಪ್ಪಿಗೆಯೂ ಬೇಕಿತ್ತು. ಅದನ್ನೂ ದಿವಾನರು ಪಡೆದರು.

1900ರಲ್ಲಿ ಕೆಲಸ ಆರಂಭವಾಯಿತು. ರೈಲಿನಲ್ಲಿ ಮದ್ದೂರಿಗೆ ಬಂದಿಳಿದ ಭಾರಿ ಯಂತ್ರಭಾಗಗಳನ್ನು ಅಲ್ಲಿಂದ ಎತ್ತು, ಆನೆಗಳ ಬಲದಿಂದ ಹೊಳೆಯಂಚಿಗೆ ಸಾಗಿಸಲಾಯಿತು. ಜಲಪಾತದ ಮೇಲ್ಭಾಗದಲ್ಲಿ ನದಿಯ ನೀರನ್ನು ಕಾಲುವೆಗೆ ತಿರುಗಿಸಿ, ಕಡಿದಾದ ಗುಡ್ಡದ ಅಂಚಿಗೆ ತಂದು, ಅಲ್ಲಿಂದ ಉಕ್ಕಿನ ಕೊಳವೆಗಳಲ್ಲಿ ಕೆಳಗಿನ ಯಂತ್ರಾಗಾರಕ್ಕೆ ಬೀಳಿಸುವ ವ್ಯವಸ್ಥೆ ಅದು. ಆ ಕಡಿದಾದ ಗುಡ್ಡಕ್ಕೆ ಇಂಗ್ಲಿಷರು ಇಟ್ಟ ಹೆಸರು ಉಳಿದುಕೊಂಡು, ವಿದ್ಯುದಾಗಾರದ ಆ ವಸತಿಯನ್ನು ಸುತ್ತಲಿನ ಜನ ಇಂದಿಗೂ 'ಬ್ಲಫ್' ಎಂದೇ ಕರೆಯುತ್ತಾರೆ. ಮೊದಲ ಹಂತದಲ್ಲಿ ತಲಾ 720 ಕಿಲೋವ್ಯಾಟಿನ ಆರು ಯಂತ್ರಗಳು. 35,000 ವೋಲ್ಟಿನ ತಂತಿಮಾರ್ಗ. 1902ರ ಜೂನ್ 30ರಂದು ಕಾವೇರಿಯ ಶಕ್ತಿ ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು. ಆಗ ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಇನ್ನೂ ಪಟ್ಟದ ಅಧಿಕಾರ ಬಂದಿರಲಿಲ್ಲ. ತಾಯಿ ವಾಣಿವಿಲಾಸ ಸನ್ನಿಧಾನದವರು ರೀಜೆಂಟರಾಗಿ ಸಂಸ್ಥಾನವನ್ನು ನಡೆಸುತ್ತಿದ್ದರು. ಯೋಜನೆಯನ್ನು ಸಾಕಿ ಬೆಳೆಸಿದ ಶೇಷಾದ್ರಿ ಅಯ್ಯರ್ ಮಾತ್ರ ಆ ದಿನವನ್ನು ಕಾಣಲಿಲ್ಲ. 1901ರ ಮಾರ್ಚಿನಲ್ಲಿ ಅಧಿಕಾರದಿಂದ ನಿವೃತ್ತರಾದ ಅವರು ಅದೇ ವರ್ಷದ ಸೆಪ್ಟೆಂಬರಿನಲ್ಲಿ ತೀರಿಕೊಂಡಿದ್ದರು.

ಇಲ್ಲಿ ಒಂದು ಸ್ಪಷ್ಟನೆ ಅಗತ್ಯ. ಶಿವನಸಮುದ್ರ 'ಏಷ್ಯಾದಲ್ಲೇ ಮೊದಲ ಜಲವಿದ್ಯುತ್ ಕೇಂದ್ರ' ಎಂಬ ವಾಕ್ಯ ಗೈಡು ಪುಸ್ತಕಗಳಲ್ಲಿ, ಪ್ರವಾಸಿ ಫಲಕಗಳಲ್ಲಿ ಧಾರಾಳವಾಗಿ ಕಾಣಸಿಗುತ್ತದೆ. ಜಪಾನಿನ ಕ್ಯೋಟೋದಲ್ಲಿ 1891ರಲ್ಲೇ ಜಲವಿದ್ಯುತ್ ಉತ್ಪಾದನೆಯಾಗಿತ್ತು. ನಮ್ಮ ದೇಶದಲ್ಲೇ ಡಾರ್ಜಿಲಿಂಗಿನ ಸಿದ್ರಾಪೊಂಗ್‌ನಲ್ಲಿ 1897ರಲ್ಲಿ ಚಿಕ್ಕ ಕೇಂದ್ರವೊಂದು ಆರಂಭವಾಗಿತ್ತು. ಶಿವನಸಮುದ್ರದ ನಿಜವಾದ ಹಿರಿಮೆ ಬೇರೆ ಇದೆ. ಅಷ್ಟು ದೊಡ್ಡ ಪ್ರಮಾಣದ ವಿದ್ಯುತ್ತನ್ನು ಅಷ್ಟು ದೂರ ಸಾಗಿಸಿದ ಉದಾಹರಣೆ ಅಂದಿನ ಜಗತ್ತಿನಲ್ಲೇ ಬೆರಳೆಣಿಕೆಯಷ್ಟು. ಇದ್ದದ್ದನ್ನು ಇದ್ದಂತೆ ಹೇಳಿದರೆ ನಮ್ಮವರ ಹೆಗ್ಗಳಿಕೆ ಕಡಿಮೆಯೇನೂ ಆಗುವುದಿಲ್ಲ.

ಆದರೆ ಆ ತಂತಿಯ ಕೆಳಗೆ ಬದುಕಿದವರ ಕಥೆ ಏನು? ಚರಿತ್ರೆಯ ವಿದ್ಯಾರ್ಥಿ ಕೇಳಲೇಬೇಕಾದ ಪ್ರಶ್ನೆಯಿದು. ಕಾವೇರಿಯ ವಿದ್ಯುತ್ತು ಮೊದಲು ಬೆಳಗಿದ್ದು ಯಾವ ಹಳ್ಳಿಯ ಗುಡಿಸಲನ್ನೂ ಅಲ್ಲ. ಭೂಮಿಯ ಒಡಲಿನ ಸುರಂಗವನ್ನು. ಅಲ್ಲಿಂದ ಬಂದ ಚಿನ್ನ ಹಡಗು ಹತ್ತಿ ಇಂಗ್ಲೆಂಡಿಗೆ ಹೋಯಿತು. ಮೂರು ವರ್ಷಗಳ ನಂತರ, 1905ರಲ್ಲಿ, ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪ ಬಂತು. 1908ರಲ್ಲಿ ಮೈಸೂರಿಗೆ ಬಂತು. ತಂತಿ ಹಾದುಹೋದ ಹಳ್ಳಿಗಳಲ್ಲಿ ಮಾತ್ರ ಹರಳೆಣ್ಣೆಯ ಹಣತೆ, ಸೀಮೆಎಣ್ಣೆಯ ಬುಡ್ಡಿಗಳೇ ಇನ್ನೂ ಹಲವು ದಶಕ ಉರಿದವು. ನಾನು ಪ್ರಾಥಮಿಕ ಶಾಲೆಯಲ್ಲಿ ಓದುತ್ತಿದ್ದಾಗಲೂ ನಮ್ಮ ಮನೆಯಲ್ಲಿ ಲಾಂದ್ರದ ಗಾಜನ್ನು ಸಂಜೆ ಬೂದಿ ಹಾಕಿ ಒರೆಸುವ ಕೆಲಸ ಮಕ್ಕಳ ಪಾಲಿನದಾಗಿತ್ತು. ಆ ಬೆಳಕಿನಲ್ಲಿ ಕುಳಿತೇ ನಾನು ಶಿವನಸಮುದ್ರದ ಪಾಠವನ್ನು ಬಾಯಿಪಾಠ ಮಾಡಿದ್ದು!

ಗಣಿಗಳಿಗೆ ಕೊಟ್ಟ ಮಾತು ನದಿಯನ್ನೂ ಬದಲಾಯಿಸಿತು. ಬೇಸಗೆಯಲ್ಲಿ ಕಾವೇರಿ ಸೊರಗಿದರೆ ಯಂತ್ರಗಳು ಸೊರಗುತ್ತಿದ್ದವು. ಕರಾರಿನಂತೆ ಗಣಿಗಳಿಗೆ ವಿದ್ಯುತ್ ಕೊಡುವುದು ಕಷ್ಟವಾಗುತ್ತಿತ್ತು. ವರ್ಷವಿಡೀ ಒಂದೇ ಸಮನೆ ನೀರು ಬೇಕಾದರೆ ಮೇಲೆಲ್ಲಾದರೂ ಹಿಡಿದಿಡಬೇಕು. ಸರ್ ಎಂ. ವಿಶ್ವೇಶ್ವರಯ್ಯನವರು 1909ರಲ್ಲಿ ಮುಖ್ಯ ಎಂಜಿನಿಯರಾಗಿ ಬಂದು, 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಆರಂಭವಾದಾಗ, ಮಂಡ್ಯದ ಗದ್ದೆಗಳಿಗೆ ನೀರುಣಿಸುವುದರ ಜೊತೆಗೆ ಶಿವನಸಮುದ್ರದ ವಿದ್ಯುತ್ತನ್ನು ಸ್ಥಿರಗೊಳಿಸುವುದೂ ಅದರ ಉದ್ದೇಶವಾಗಿತ್ತು. ಕಟ್ಟೆ ಪೂರ್ಣಗೊಂಡದ್ದು 1930ರ ದಶಕದ ಆದಿಯಲ್ಲಿ. ಶಿವನಸಮುದ್ರದ ಉತ್ಪಾದನೆಯೂ ಹಂತಹಂತವಾಗಿ ಬೆಳೆದು 42 ಮೆಗಾವ್ಯಾಟಿಗೆ ಏರಿತು. ಕೋಲಾರದ ಕತ್ತಲ ಸುರಂಗಕ್ಕೂ ಮಂಡ್ಯದ ಹಸುರು ಗದ್ದೆಗೂ ಇಂತಹದೊಂದು ನಂಟಿದೆ. ಒಂದು ಕಡೆಯ ಅಗತ್ಯ ಇನ್ನೊಂದು ಕಡೆಯ ಭೂಗೋಳವನ್ನೇ ತಿದ್ದಿತು. ಆ ಗಣಿಗಳಾದರೋ ಮೂರು ಕಿಲೋಮೀಟರಿಗೂ ಆಳಕ್ಕಿಳಿದು, ಸಾವಿರಾರು ಕುಟುಂಬಗಳಿಗೆ ಅನ್ನ ಕೊಟ್ಟು, ಕೊನೆಗೆ 2001ರ ಫೆಬ್ರವರಿ 28ರಂದು ಮುಚ್ಚಿದವು. ಯಾರಿಗಾಗಿ ಜಲಪಾತಕ್ಕೆ ಕೊಳವೆ ತೊಡಿಸಲಾಯಿತೋ ಅವರೇ ಇಲ್ಲವಾದರು, ಕೊಳವೆಗಳು ಉಳಿದವು.

ಅಂತೂ ವಿದ್ಯುತ್ತು ನಮ್ಮ ಹಳ್ಳಿಗಳಿಗೂ ಬಂತು. ಶರಾವತಿಯಂತಹ ದೊಡ್ಡ ಯೋಜನೆಗಳು ಕೂಡಿಕೊಂಡ ಮೇಲೆ ಇದು ಯಾವ ಹೊಳೆಯ ಬೆಳಕು ಎಂದು ಗುರುತು ಹಿಡಿಯುವಂತಿರಲಿಲ್ಲ. ಅದರ ಉಪಕಾರವನ್ನು ಮರೆಯಬಾರದು. ನಮ್ಮ ಅಲೀಪುರವನ್ನೇ ನೋಡಿ. ಇಲ್ಲಿಯ ಜನ ಹರಳುಗಳಿಗೆ ಸಾಣೆ ಹಿಡಿಯುವ ಕಸುಬಿಗೆ ಹೆಸರಾದವರು. ಸಾಣೆಯ ಚಕ್ರ ತಿರುಗಬೇಕಾದರೆ ಮೋಟಾರು ಬೇಕು, ಮೋಟಾರಿಗೆ ಕರೆಂಟು ಬೇಕು. ಕರೆಂಟು ಹೋದರೆ ಬೀದಿಗೆ ಬೀದಿಯೇ ಮೌನವಾಗುವುದನ್ನು ನಾನು ಕಂಡಿದ್ದೇನೆ. ನನ್ನ ಶಿಷ್ಯರಲ್ಲಿ ಅನೇಕರು ಈ ಚಕ್ರದ ದುಡಿಮೆಯಿಂದಲೇ ತಮ್ಮ ತಂಗಿಯರ ಮದುವೆ ಮಾಡಿದವರು, ತಮ್ಮಂದಿರನ್ನು ಕಾಲೇಜಿಗೆ ಕಳಿಸಿದವರು.

ಇದೇ ವಿದ್ಯುತ್ತು ನಮ್ಮ ನೆಲಕ್ಕೆ ಮಾಡಿದ ಇನ್ನೊಂದು ಕೆಲಸವನ್ನೂ ಹೇಳಬೇಕು. ಅವಿಭಜಿತ ಕೋಲಾರ ಜಿಲ್ಲೆಯಲ್ಲಿ ನಾಲ್ಕು ಸಾವಿರಕ್ಕೂ ಮಿಗಿಲಾದ ಕೆರೆಗಳಿದ್ದವು. ನದಿಯಿಲ್ಲದ ನಾಡಿನಲ್ಲಿ ಹಿರಿಯರು ಮಳೆನೀರನ್ನು ಹಿಡಿದಿಡಲು ಮಾಡಿಕೊಂಡ ಏರ್ಪಾಡು ಅದು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಕೆಳಗಿನ ಕೆರೆಗೆ, ಅದು ತುಂಬಿದರೆ ಅದರ ಕೆಳಗಿನದಕ್ಕೆ - ಹೀಗೆ ಸರಪಳಿಯಂತೆ ನೀರು ಇಳಿಯುತ್ತಿತ್ತು. ತೂಬಿನ ನೀರನ್ನು ಯಾರ ಗದ್ದೆಗೆ ಎಷ್ಟು ಬಿಡಬೇಕೆಂಬುದನ್ನು ನೀರಗಂಟಿ ನೋಡಿಕೊಳ್ಳುತ್ತಿದ್ದ. ಕೆರೆಯ ಕೆಳಗಿನ ಬಾವಿಗಳಲ್ಲಿ ಎತ್ತು ಕಟ್ಟಿ ಕಪಿಲೆ ಹೊಡೆಯುತ್ತಿದ್ದರು. ಎತ್ತಿನ ದಣಿವೇ ನೀರಿನ ಬಳಕೆಗೆ ಮಿತಿಯಾಗಿತ್ತು. ಸಂಜೆ ಎತ್ತುಗಳನ್ನು ಬಿಚ್ಚಿದರೆ ರಾತ್ರಿಯಿಡೀ ಬಾವಿ ಮತ್ತೆ ಊರುತ್ತಿತ್ತು. ಪಂಪುಸೆಟ್ಟಿಗೆ ದಣಿವಿಲ್ಲ. ಅದು ಬಂದ ಮೇಲೆ ಮೊದಲು ತೆರೆದ ಬಾವಿಗಳು ಬತ್ತಿದವು. ಆಮೇಲೆ ಕೊಳವೆಬಾವಿಗಳು ಬಂದವು. ನೂರು ಅಡಿ, ಇನ್ನೂರು ಅಡಿಯಲ್ಲಿ ಸಿಗುತ್ತಿದ್ದ ನೀರು ಸಾವಿರ ಅಡಿಗೂ ಕೆಳಗೆ ಹೋಯಿತು. ಅಷ್ಟು ಆಳದಿಂದ ಬಂದ ನೀರಿನಲ್ಲಿ ಫ್ಲೋರೈಡು ಬಂತು. ಹಲ್ಲು ಕಂದುಗಟ್ಟಿದ ಮಕ್ಕಳನ್ನು ತರಗತಿಯ ಮೊದಲ ಬೆಂಚಿನಲ್ಲೇ ಕಂಡ ಮೇಷ್ಟರು ನಮ್ಮ ತಾಲ್ಲೂಕಿನಲ್ಲಿ ನಾನೊಬ್ಬನೇ ಅಲ್ಲ. ಒಂದು ನಾಡಿನ ಜಲಪಾತದಿಂದ ಹುಟ್ಟಿದ ಶಕ್ತಿ ಇನ್ನೊಂದು ನಾಡಿನ ಅಂತರ್ಜಲವನ್ನು ಹೀರಲು ಬಳಕೆಯಾದದ್ದು ವಿಧಿಯ ವಿಪರ್ಯಾಸ. ವಿದ್ಯುತ್ತಿನ ಮೇಲೆ ತಪ್ಪು ಹೊರಿಸುವುದು ಸಲ್ಲದು. ಶಕ್ತಿ ಕೈಗೆ ಬಂದಾಗ ಅದಕ್ಕೊಂದು ಕಟ್ಟುಪಾಡು ಮಾಡಿಕೊಳ್ಳದ ಸಮಾಜದ ಹೊಣೆಯದು.

ಇನ್ನು ನೀರಿನ ಮಾತು. ಬೆಂಗಳೂರಿಗೆ ಮೊಟ್ಟಮೊದಲು ಕೊಳಾಯಿ ನೀರು ಬಂದದ್ದು ನಮ್ಮ ನಂದಿಬೆಟ್ಟದ ಕೂಸಾದ ಅರ್ಕಾವತಿಯಿಂದ ಎಂಬುದು ಬಹಳ ಜನರಿಗೆ ತಿಳಿಯದು. ಆ ನದಿಗೆ ಅಡ್ಡಲಾಗಿದ್ದ ಹೆಸರಘಟ್ಟ ಕೆರೆಯಿಂದ 1896ರಲ್ಲಿ ನಗರಕ್ಕೆ ನೀರು ಹರಿಯಿತು. ಅದೂ ಶೇಷಾದ್ರಿ ಅಯ್ಯರ್ ಅವರ ಕಾಲದ ಕಾರ್ಯವೇ. ಹೆಸರಘಟ್ಟ ಸಾಲದೆ ಹೋದಾಗ ಅದೇ ಅರ್ಕಾವತಿಯ ಕೆಳಪಾತ್ರದ ತಿಪ್ಪಗೊಂಡನಹಳ್ಳಿಯಲ್ಲಿ 1933ರಲ್ಲಿ ಜಲಾಶಯವಾಯಿತು. ಅದೂ ಸಾಲದಾದಾಗ ನಗರದ ದೃಷ್ಟಿ ಕಾವೇರಿಯತ್ತ ಹೊರಳಿತು. 1974ರಲ್ಲಿ ಮೊದಲ ಹಂತದ ಕಾವೇರಿ ನೀರು ಬೆಂಗಳೂರನ್ನು ತಲುಪಿತು. ಆ ನೀರನ್ನು ನದಿಯಿಂದ ತಿರುಗಿಸುವುದು ಎಲ್ಲಿ ಗೊತ್ತೇ? ಶಿವನಸಮುದ್ರ ಜಲಪಾತಕ್ಕಿಂತ ಸ್ವಲ್ಪ ಮೇಲೆ, ಶಿವ ಅಣೆಕಟ್ಟೆಯ ಬಳಿ. ಅಲ್ಲಿಂದ ಅದು ಹಲಗೂರಿನ ಸಮೀಪದ ತೊರೆಕಾಡನಹಳ್ಳಿಗೆ ಬಂದು ಶುದ್ಧಗೊಂಡು, ಹಾರೋಹಳ್ಳಿ, ತಾತಗುಣಿಗಳಲ್ಲಿ ಮತ್ತೆ ಮತ್ತೆ ಪಂಪಾಗಿ, ಸುಮಾರು 100 ಕಿಲೋಮೀಟರು ಸಾಗಿ, ಸುಮಾರು 500 ಮೀಟರ್ ಎತ್ತರವನ್ನು ಏರಿ ಬೆಂಗಳೂರನ್ನು ಸೇರುತ್ತದೆ. 2024ರ ಅಕ್ಟೋಬರ್ 16ರಂದು ಐದನೆಯ ಹಂತ ಉದ್ಘಾಟನೆಯಾಗಿ ದಿನಕ್ಕೆ 77.5 ಕೋಟಿ ಲೀಟರ್ ನೀರು ಹೆಚ್ಚುವರಿಯಾಗಿ ಸೇರಿತು. ಎಲ್ಲ ಹಂತಗಳೂ ಸೇರಿ ಯೋಜನೆಯ ಸಾಮರ್ಥ್ಯ ದಿನಕ್ಕೆ 222.5 ಕೋಟಿ ಲೀಟರ್.

ಈ ಅಂಕಿಗಳನ್ನು ಒಂದಿಷ್ಟು ಮನಸ್ಸಿಗೆ ತಂದುಕೊಳ್ಳಿ. ಪ್ರಕೃತಿ ಕಾವೇರಿಯನ್ನು 300 ಅಡಿ ಕೆಳಗಿಳಿಸುತ್ತದೆ. ನಾವು ಆ ನದಿಯ ಒಂದು ಪಾಲನ್ನು ಅದರ ಐದು ಪಟ್ಟು ಎತ್ತರಕ್ಕೆ ಏರಿಸುತ್ತೇವೆ. ನೀರು ಬಿದ್ದು ವಿದ್ಯುತ್ ಹುಟ್ಟಿದ ಸ್ಥಳದಲ್ಲೇ ಈಗ ವಿದ್ಯುತ್ತು ನೀರನ್ನು ಎತ್ತುತ್ತಿದೆ. ಜಲಪಾತವನ್ನು ತಲೆಕೆಳಗಾಗಿ ನಿಲ್ಲಿಸಿದಂತಾಯಿತು. ಪ್ರವಾಸಿಗರು ಕನಕಪುರದ ರಸ್ತೆಯಲ್ಲಿ ಜಲಪಾತ ನೋಡಲು ಹೋಗುವಾಗ ಅದೇ ನದಿ ಕೊಳವೆಯೊಳಗೆ ಎದುರು ದಿಕ್ಕಿನಲ್ಲಿ ಬರುತ್ತಿರುತ್ತದೆ.

ಕಥೆ ಇಲ್ಲಿಗೆ ಮುಗಿಯಲಿಲ್ಲ. ಬೆಂಗಳೂರಿನ ಮನೆಗಳಲ್ಲಿ ಬಳಕೆಯಾದ ಆ ನೀರು ಚರಂಡಿ ಸೇರಿ, ಶುದ್ಧೀಕರಣ ಘಟಕಗಳಲ್ಲಿ ಎರಡು ಹಂತದ ಸಂಸ್ಕರಣೆಗೊಳಗಾಗಿ, ಈಗ ನಮ್ಮ ಜಿಲ್ಲೆಗಳ ಕೆರೆಗಳಿಗೆ ಬರುತ್ತಿದೆ. ಕೋರಮಂಗಲ-ಚಲ್ಲಘಟ್ಟ ಕಣಿವೆಯ ನೀರು 2018ರಲ್ಲಿ ಕೋಲಾರ ತಾಲ್ಲೂಕಿನ ಲಕ್ಷ್ಮೀಸಾಗರ ಕೆರೆಗೆ ಮೊದಲು ಬಂತು. ಹೆಬ್ಬಾಳ-ನಾಗವಾರ ಕಣಿವೆಯಿಂದ ದಿನಕ್ಕೆ 21 ಕೋಟಿ ಲೀಟರ್ ಹರಿಸುವ ಯೋಜನೆ ಚಿಕ್ಕಬಳ್ಳಾಪುರದ ಭಾಗಕ್ಕೆ ಬಂತು. ದಶಕಗಳಿಂದ ಒಣಗಿ ಜಾಲಿ ಬೆಳೆದಿದ್ದ ಕೆರೆಗಳಲ್ಲಿ ನೀರು ನಿಂತಿತು. ಸುತ್ತಲ ಬಾವಿಗಳಿಗೆ ಜೀವ ಬಂತೆಂದು ಸಂತೋಷಪಟ್ಟ ರೈತರಿದ್ದಾರೆ. ಮೂರನೆಯ ಹಂತದ ಶುದ್ಧೀಕರಣವಿಲ್ಲದೆ ಈ ನೀರನ್ನು ನೆಲಕ್ಕೆ ಇಂಗಿಸಿದರೆ ಮುಂದಿನ ಪೀಳಿಗೆಯ ಗತಿಯೇನೆಂದು ಹೋರಾಟ ಮಾಡಿದವರಿದ್ದಾರೆ. ವಿಷಯ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. ಎರಡೂ ಮಾತಿನಲ್ಲಿ ಹುರುಳಿದೆ. ಬಾಯಾರಿದವನಿಗೆ ನೀರು ಬೇಕೆಂಬುದು ಎಷ್ಟು ನಿಜವೋ, ಬಾಯಾರಿಕೆಯನ್ನು ನೆಪ ಮಾಡಿಕೊಂಡು ಎಂತಹ ನೀರನ್ನಾದರೂ ಕೊಡಬಾರದೆಂಬುದೂ ಅಷ್ಟೇ ನಿಜ.

ಇತ್ತ ಪಶ್ಚಿಮಘಟ್ಟದಿಂದ ಕುಡಿಯುವ ನೀರು ತರುವ ಎತ್ತಿನಹೊಳೆ ಯೋಜನೆಗೆ 2014ರಲ್ಲಿ ಶಂಕುಸ್ಥಾಪನೆಯಾಗಿ, ಅದರ ಮೊದಲ ಹಂತವು 2024ರ ಸೆಪ್ಟೆಂಬರ್ 6ರಂದು ಸಕಲೇಶಪುರದ ಕಡೆ ಉದ್ಘಾಟನೆಗೊಂಡಿತು. ಪಡುವಣ ಕಡಲಿಗೆ ಇಳಿಯಬೇಕಾದ ಹಳ್ಳಗಳ ನೀರನ್ನು ಮೂಡಣಕ್ಕೆ ಎತ್ತಿ ತರುವ ಯತ್ನವದು. ಅಲ್ಲಿಯೂ ಮತ್ತೊಂದು ಕಣಿವೆಯ ಜನ ನಮ್ಮ ನೇತ್ರಾವತಿ ಬಡವಾಗುತ್ತದೆಂದು ಕೇಳುತ್ತಲೇ ಇದ್ದಾರೆ.

ಈಗ ಮೊಮ್ಮಗಳ ಪ್ರಶ್ನೆಗೆ ಉತ್ತರ ಸಿದ್ಧವಾಯಿತು. ಗಗನಚುಕ್ಕಿಯಿಂದ ನಮ್ಮ ಸೀಮೆಗೆ ಒಂದು ಚೂರೂ ಬರಲಿಲ್ಲವೆಂಬುದು ಸರಿಯಲ್ಲ. ಮೊದಲು ಅದರ ಶಕ್ತಿ ತಂತಿಯಲ್ಲಿ ಬಂತು. ನೂರಕ್ಕೂ ಹೆಚ್ಚು ವರ್ಷಗಳ ಮೇಲೆ ಅದರ ನೀರು ಬೆಂಗಳೂರನ್ನು ತೊಳೆದು ಬಂತು. ತಿರುಗಿಸಿ ಉಳಿದದ್ದು ಬಂಡೆಯ ಮೇಲೆ ಬೀಳುತ್ತದೆ. ಅದೂ ಯಾರಿಗೂ ಸೇರದ ನೀರಲ್ಲ. ಕೆಳಗೆ ಶಿಂಷಾ, ಅರ್ಕಾವತಿಗಳನ್ನು ಕೂಡಿಕೊಂಡು ಅದು ಗಡಿಯ ಬಿಳಿಗುಂಡ್ಲುವಿಗೆ ಹೋಗುತ್ತದೆ. ಅಲ್ಲಿ ಅದನ್ನು ಅಳೆಯುತ್ತಾರೆ. 2018ರ ಫೆಬ್ರವರಿ 16ರ ಸುಪ್ರೀಂ ಕೋರ್ಟಿನ ತೀರ್ಪಿನಂತೆ ಸಾಮಾನ್ಯ ಮಳೆಯ ವರ್ಷದಲ್ಲಿ 177.25 ಟಿಎಂಸಿ ನೀರು ಅಲ್ಲಿಂದ ತಮಿಳುನಾಡಿಗೆ ಹೋಗಬೇಕು. ಅದೇ ತೀರ್ಪಿನಲ್ಲಿ ಬೆಂಗಳೂರಿನ ಕುಡಿಯುವ ನೀರಿಗೆಂದು 4.75 ಟಿಎಂಸಿ ಹೆಚ್ಚುವರಿಯಾಗಿ ದೊರೆಯಿತು. ನಾವು ಮೈಮರೆತು ನೋಡುವ ಹಾಲಿನಂತಹ ಧಾರೆಯ ಪ್ರತಿಯೊಂದು ಬಿಂದುವೂ ಯಾರದೋ ಲೆಕ್ಕದ ಪುಸ್ತಕದಲ್ಲಿ ಈಗಾಗಲೇ ಬರೆಯಲ್ಪಟ್ಟಿದೆ.

ನಯಾಗರದಲ್ಲಿ 1950ರ ಒಪ್ಪಂದದ ಪ್ರಕಾರ ಅಮೆರಿಕ, ಕೆನಡಾಗಳು ಪ್ರವಾಸದ ಋತುವಿನ ಹಗಲು ಹೊತ್ತಿನಲ್ಲಿ ಜಲಪಾತದ ಮೇಲೆ ಸೆಕೆಂಡಿಗೆ ಒಂದು ಲಕ್ಷ ಘನ ಅಡಿ ನೀರನ್ನು ಬಿಡಲೇಬೇಕು. ಉಳಿದ ವೇಳೆ ಅದರ ಅರ್ಧ. ನೋಟಕ್ಕೂ ನೀರಿನಲ್ಲಿ ಒಂದು ಪಾಲುಂಟೆಂದು ಆ ದೇಶಗಳು ಕಾಗದದ ಮೇಲೆ ಒಪ್ಪಿಕೊಂಡವು. ನಮ್ಮಲ್ಲಿ ಜೋಗವಾಗಲಿ ಶಿವನಸಮುದ್ರವಾಗಲಿ ಮಳೆಗಾಲದ ಅತಿಥಿಗಳು. ನೀರಿನ ಬಡತನವಿರುವ ನಾಡಿನಲ್ಲಿ ಕುಡಿಯುವ ಬಾಯಿಗೆ ಮೊದಲ ಪಾಲು ಸಲ್ಲಬೇಕಾದದ್ದು ನ್ಯಾಯವೇ. ಆದರೆ ಬೇರೆಯವರ ಹೊಳೆಯನ್ನು ತರಿಸಿಕೊಳ್ಳುವ ನಾವು ನಮ್ಮ ಪಾಲಿಗೆ ಆಕಾಶವೇ ಕೊಟ್ಟದ್ದನ್ನು ಏನು ಮಾಡಿದೆವು ಎಂಬ ಪ್ರಶ್ನೆಗೆ ಉತ್ತರಿಸಬೇಕು. ರಾಜಕಾಲುವೆಗಳು ಒತ್ತುವರಿಯಾದವು. ಕೆರೆಯಂಗಳಗಳು ಲೇಔಟು, ಬಸ್‌ನಿಲ್ದಾಣಗಳಾದವು. ನೀರಗಂಟಿಯ ಹುದ್ದೆ ಹೇಳಹೆಸರಿಲ್ಲವಾಯಿತು.

2021ರ ನವೆಂಬರಿನಲ್ಲಿ ಅಪರೂಪದ ಮಳೆ ಸುರಿದು ನಮ್ಮ ಜಿಲ್ಲೆಯ ಎಷ್ಟೋ ಕೆರೆಗಳು ಕೋಡಿ ಹರಿದವು. ಮೂವತ್ತು ವರ್ಷದ ತರುಣರು ಮೊದಲ ಬಾರಿಗೆ ತಮ್ಮೂರ ಕೆರೆಯ ಕೋಡಿಯನ್ನು ಕಂಡರು. ಹೆಂಗಸರು ಬಾಗಿನ ಬಿಟ್ಟರು. ಕೋಡಿಕಲ್ಲಿನ ಮೇಲಿಂದ ಆಳೆತ್ತರವೂ ಇಲ್ಲದ ಆ ನೀರು ಬೀಳುವುದನ್ನು ನೋಡಲು ಟ್ರ್ಯಾಕ್ಟರು, ಆಟೋಗಳಲ್ಲಿ ಜನ ಬಂದು ಸೇರಿದರು. ಬಯಲುಸೀಮೆಗೆ ದೇವರು ಕೊಟ್ಟ ಜಲಪಾತವೆಂದರೆ ಅದೇ. ಅದನ್ನು ಕಟ್ಟಿದವರು ನಮ್ಮ ಹಿರಿಯರು. ಅದಕ್ಕೆ ನ್ಯಾಯಮಂಡಳಿ ಬೇಡ, ಪಂಪು ಬೇಡ, ಯಾವ ಕಣಿವೆಯ ಜನರ ಶಾಪವೂ ತಟ್ಟದು. ಕಾಲುವೆಯ ಹೂಳು ತೆಗೆದು, ಏರಿಯನ್ನು ಭದ್ರಪಡಿಸಿ, ಬಿದ್ದ ಮಳೆ ಕೆರೆ ಸೇರುವ ಹಾದಿಯನ್ನು ಬಿಟ್ಟುಕೊಟ್ಟರೆ ಸಾಕು. ಶಿವನಸಮುದ್ರಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಿ, ತಪ್ಪದೆ ತೋರಿಸಿ. ಅದು ನಾಡಿನ ಭಾಗ್ಯ. ಹಾಗೆಯೇ ಮಳೆ ಬಂದ ಮರುದಿನ ನಿಮ್ಮೂರ ಕೆರೆಯ ಕೋಡಿಯ ಬಳಿಗೂ ಅವರನ್ನು ಕರೆದುಕೊಂಡು ಹೋಗಿ, ನೀರು ಅಲ್ಲಿಯವರೆಗೆ ಬಂದಿದೆಯೇ, ಬಾರದಿದ್ದರೆ ದಾರಿಯಲ್ಲಿ ಅದನ್ನು ತಡೆದದ್ದು ಏನು ಎಂದು ಅವರಿಂದಲೇ ಹುಡುಕಿಸಿ.